ಅಕ್ಕನನ್ನು ಕೂಡಿಹಾಕಿದ ಕರೆ

ನನ್ನ ಅಕ್ಕ ನರ್ಸಾಗಿದ್ದವಳು. ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತ, ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತ ದೇವನಹಳ್ಳಿ, ದೊಡ್ಡಬಳ್ಳಾಪುರ ಸೀಮೆಯ ಊರೂರು ತಿರುಗಿದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ನಿವೃತ್ತಿಯಾದ ಮೇಲೆ ದೇವನಹಳ್ಳಿ ಹತ್ತಿರದ ಆವತಿಯಲ್ಲಿ ಒಂದು ಚಿಕ್ಕ ಮನೆ ಕಟ್ಟಿಸಿಕೊಂಡು ಅಲ್ಲೇ ನಿಂತಳು. ಊರಿನವರಿಗೆಲ್ಲ ಅವಳು ನರ್ಸಮ್ಮ. ದನಿ ಜೋರು. ಬಿಪಿ ಮಾತ್ರೆ ನುಂಗುವುದನ್ನು ಬಿಟ್ಟವರನ್ನು ಬಸ್ ನಿಲ್ದಾಣದಲ್ಲೇ ನಿಲ್ಲಿಸಿಕೊಂಡು ಬೈಯುತ್ತಿದ್ದಳು. ಅವಳು ಬರುವುದು ಕಂಡರೆ ಗಂಡಸರು ಬೀಡಿ ಬಚ್ಚಿಟ್ಟುಕೊಳ್ಳುತ್ತಿದ್ದರು. ಅಂಥವಳನ್ನು, ಎಲ್ಲೋ ಕುಳಿತ ಒಬ್ಬ ಮನುಷ್ಯ, ಅವಳ ಮನೆಯೊಳಗೇ ಬರಿಯ ಮಾತಿನಿಂದ ಕೂಡಿಹಾಕಿದ್ದ. ಇದು ನಡೆದು ಈಗ ಒಂದು ವರ್ಷದ ಮೇಲಾಯಿತು. ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಒಂದು ಸಲ ಸರಿಯಾಗಿ ಬರೆದಿಡೋಣ ಅನ್ನಿಸಿತು.

ನಾನು ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಫೋನಿನ ಮೋಸಗಳ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಕೊಡಲು ನಮ್ಮ ಶಾಲೆಗೂ ಪೊಲೀಸರು ಬಂದಿದ್ದರು. ಮಕ್ಕಳು ಒಂದು ಕಿರುನಾಟಕ ಆಡಿದರು. ವಂದನಾರ್ಪಣೆ ಮಾಡಿದವಳು ನಾನೇ. ಯಾರಿಗಾದರೂ ಫೋನ್ ಮಾಡಿದರೆ ಗಂಟೆ ಹೊಡೆಯುವ ಮೊದಲು ಅದೇ ಎಚ್ಚರಿಕೆಯ ದನಿ ಬರುತ್ತಿತ್ತಲ್ಲ, ಅದನ್ನು ದಿನಾ ಕೇಳುತ್ತಿದ್ದೆ. ಕೇಳುತ್ತಿದ್ದೆ ಎಂದರೆ, ಅದು ಯಾವಾಗ ಮುಗಿದೀತು ಎಂದು ಕಾಯುತ್ತಿದ್ದೆ. ಅಕ್ಕನೂ ಹಾಗೇ. ‘ಈ ಹೆಂಗಸಿಗೆ ಬೇರೆ ಕೆಲ್ಸ ಇಲ್ವೇನೆ?’ ಎಂದು ಆ ದನಿಯನ್ನೇ ಬೈಯುತ್ತಿದ್ದಳು.

ಶಾಲೆ ಬಿಟ್ಟು ಮನೆಗೆ ನಡೆಯುವ ದಾರಿಯಲ್ಲಿ ಅವಳಿಗೆ ಫೋನ್ ಮಾಡುವುದು ನನ್ನ ರೂಢಿ. ಒಂದು ಸಂಜೆ ಅವಳು ಕಟ್ ಮಾಡಿದಳು. ಸ್ವಲ್ಪ ಹೊತ್ತಿಗೆ ‘ಬಿಜಿ’ ಎಂದು ಒಂದು ಮೆಸೇಜು ಬಂತು. ಅವಳು ಮೆಸೇಜು ಬರೆಯುವವಳೇ ಅಲ್ಲ. ಆ ಸಣ್ಣ ಅಕ್ಷರ ಒತ್ತುವುದು ಅವಳಿಗೆ ಬೇಜಾರು. ಏನೇ ಇದ್ದರೂ ದನಿಯಲ್ಲೇ ಹೇಳಿ ಕಳಿಸುತ್ತಿದ್ದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಉತ್ತರ ಪತ್ರಿಕೆಗಳ ಕಟ್ಟು ಬಗಲಲ್ಲಿತ್ತು, ಕಾಲು ಸೋತಿತ್ತು, ಸುಮ್ಮನಾದೆ. ಮರುದಿನ ಬೆಳಿಗ್ಗೆ ಮಾಡಿದೆ, ಮತ್ತೆ ಕಟ್. ‘ತಲೆನೋವು, ಮಲಗಿದೀನಿ’ ಎಂದು ಬಂತು. ತಲೆನೋವಿಗೆ ಮಲಗುವ ಹೆಂಗಸೇ ಅಲ್ಲ ಅವಳು. ಮಧ್ಯಾಹ್ನದ ಮೇಲೆ ರಜೆ ಕೇಳಿ ದೇವನಹಳ್ಳಿ ಬಸ್ಸು ಹತ್ತಿದೆ.

ಅಲ್ಲಿ ಬಸ್ಸು ಬದಲಿಸಿ ಆವತಿಗೆ ಬಂದು ಇಳಿದಾಗ ಬಿಸಿಲಿನ್ನೂ ಇಳಿದಿರಲಿಲ್ಲ. ಅಕ್ಕನ ಮನೆ ಬಾಗಿಲು ಹಾಕಿತ್ತು. ಹಗಲು ಹೊತ್ತಿನಲ್ಲಿ ಆ ಬಾಗಿಲು ಹಾಕಿದ್ದನ್ನು ನಾನು ನೋಡಿದ್ದೇ ಇಲ್ಲ. ಕಿಟಕಿಗಳೂ ಮುಚ್ಚಿದ್ದವು. ಎದುರುಮನೆಯಾಕೆ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವವಳು, ಅಕ್ಕನ ಮನೆಗೂ ದಿನಾ ಅವಳದೇ ಹಾಲು. ನನ್ನನ್ನು ಕಂಡು ಕೈ ಒರೆಸಿಕೊಳ್ಳುತ್ತ ಬಂದಳು.

‘ನಿನ್ನೆಯಿಂದ ಹಾಲೂ ಇಸ್ಕೊಂಡಿಲ್ಲ ಕಣಮ್ಮ. ಕೂಗಿದ್ರೆ ಒಳಗಿಂದ್ಲೇ ಬೇಡ ಅಂತಾರೆ. ಬೆಳಿಗ್ಗೆ ಒಂದ್ಸಲ ದೇವ್ನಳ್ಳಿಗೆ ಹೋಗಿ ಬಂದ್ರು, ಮಾತಾಡ್ಸಿದ್ರೂ ತಿರುಗಿ ನೋಡ್ಲಿಲ್ಲ. ನಾವೇನಾದ್ರೂ ತಪ್ಪು ಮಾಡಿದ್ವಾ ಅಂತ ನಮ್ಮತ್ತೆ ಒಂದೇ ಸಮ ಕೊರಗ್ತಾವ್ರೆ.’

ನಾನು ಬಾಗಿಲು ಬಡಿದೆ. ಉತ್ತರವಿಲ್ಲ. ಒಳಗೆ ಯಾರೋ ಗಂಡಸು ಮಾತಾಡುತ್ತಿರುವುದು ಕೇಳಿಸಿತು. ಟಿ.ವಿ. ಇರಬಹುದು ಅಂದುಕೊಂಡೆ. ಮತ್ತೆ ಬಡಿದಾಗ ಪಕ್ಕದ ಕಿಟಕಿ ಒಂದು ಗೇಣು ತೆರೆಯಿತು. ಅಕ್ಕನ ಮುಖ ಕಂಡಿತು. ತಲೆ ಬಾಚಿರಲಿಲ್ಲ. ಕಣ್ಣು ಒಳಗೆ ಹೋಗಿದ್ದವು.

‘ನೀನ್ಯಾಕೆ ಬಂದೆ? ಹೋಗು’ ಅಂದಳು. ಅವಳ ದನಿಯೇ ಅಲ್ಲ ಅದು.

‘ಬಾಗ್ಲು ತೆಗಿಯಕ್ಕ. ಏನಾಯ್ತು?’

‘ಏನೂ ಆಗಿಲ್ಲ. ಕೆಲ್ಸ ಇದೆ ನಂಗೆ. ಆಮೇಲೆ ಎಲ್ಲಾ ಹೇಳ್ತೀನಿ. ನಿನ್ ಕಾಲಿಗ್ ಬೀಳ್ತೀನಿ, ಈಗ ಹೋಗು.’

ಕಾಲಿಗೆ ಬೀಳುತ್ತೇನೆ ಎಂದಳು, ನನ್ನನ್ನು ಎತ್ತಿ ಆಡಿಸಿದ ಅಕ್ಕ. ಒಳಗಿನ ಗಂಡಸಿನ ದನಿ ಈಗ ಚೆನ್ನಾಗಿ ಕೇಳಿಸಿತು. ‘ಮೇಡಂ, ಕ್ಯಾಮೆರಾ ಮುಂದೆ ಬನ್ನಿ. ಯಾರ ಜೊತೆ ಮಾತಾಡ್ತಾ ಇದ್ದೀರಿ?’ ಅಕ್ಕ ಆ ಕಡೆ ತಿರುಗಿ, ‘ಬಂದೆ ಸಾರ್, ಹಾಲಿನೋಳು ಸಾರ್’ ಎಂದಳು. ಕಿಟಕಿ ಮುಚ್ಚಿಕೊಂಡಿತು.

ಆ ಕ್ಷಣಕ್ಕೆ ನನಗೆ ಎಲ್ಲ ತಿಳಿಯಿತು. ಶಾಲೆಯ ಅಂಗಳದಲ್ಲಿ ಎಂಟನೇ ಕ್ಲಾಸಿನ ಮಕ್ಕಳು ಆಡಿದ್ದ, ಪೊಲೀಸ್ ವೇಷದವನು ವಿಡಿಯೋ ಕರೆಯಲ್ಲೇ ‘ಬಂಧಿಸಿ’ ದುಡ್ಡು ಕೀಳುವ ನಾಟಕವೇ ಇದು. ತಿಳಿದರೂ ಏನು ಮಾಡುವುದು? ಬಾಗಿಲು ಒಳಗಿಂದ ಚಿಲಕ. ಇದು ಮೋಸ ಕಣಕ್ಕ ಎಂದು ಎರಡು ಸಲ ಕೂಗಿದೆ. ಒಳಗಿಂದ ಉಸಿರಿಲ್ಲ. ಎದುರುಮನೆಯಾಕೆ, ‘ನಮ್ಮನೆಯೋರ್ನ ಕರೀಲಾ, ಬಾಗ್ಲು ಮುರೀತಾರೆ’ ಎಂದಳು. ಬಾಗಿಲು ಮುರಿದರೆ ಅವಳು ಹೆದರಿ ಏನು ಮಾಡಿಕೊಳ್ಳುತ್ತಾಳೋ ಎಂಬ ಭಯ ನನಗೆ. ಬಸ್ಸಿನ ಕುಲುಕಾಟ, ಬಿಸಿಲು, ಮಧ್ಯಾಹ್ನ ಸರಿಯಾಗಿ ಉಣ್ಣದ ಹೊಟ್ಟೆ. ಜಗಲಿಯ ಮೇಲೆ ಕುಳಿತುಬಿಟ್ಟೆ. ಕುಳಿತ ಮೇಲೆ ಹೊಳೆಯಿತು.

‘ಅಕ್ಕಾ, ತಲೆ ಸುತ್ತುತ್ತೆ ಕಣೆ. ಕಣ್ಣು ಕತ್ಲೆ ಬರ್ತಿದೆ’ ಎಂದೆ. ಎಂದು ಹಾಗೇ ಗೋಡೆಗೆ ಒರಗಿದೆ. ಎಷ್ಟು ನಟನೆ, ಎಷ್ಟು ನಿಜ ಎಂದು ನನಗೇ ಗೊತ್ತಿಲ್ಲ. ಎದುರುಮನೆಯಾಕೆ ಪೂರ್ತಿ ನಂಬಿದಳು. ‘ಅಯ್ಯೋ ನರ್ಸಮ್ಮ, ನಿಮ್ ತಂಗಿ ಬಿದ್ದೋದ್ರು!’ ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

ಚಿಲಕ ತೆಗೆದ ಸದ್ದಾಯಿತು. ಅಕ್ಕ ಹೊರಗೆ ಬಂದಳು. ಬಂದವಳೇ ನನ್ನ ಕಣ್ಣರೆಪ್ಪೆ ಎಳೆದು ನೋಡಿ, ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದಳು. ಅವಳ ಬೆರಳು ಮಂಜಿನಂತೆ ತಣ್ಣಗಿತ್ತು. ಒಳಗಿಂದ ಆ ಮನುಷ್ಯ ಕೂಗುತ್ತಲೇ ಇದ್ದ. ಅಕ್ಕ ತಲೆ ತಿರುಗಿಸದೆ, ‘ಒಂದ್ನಿಮ್ಷ ಇರಿ ಸಾರ್, ಪೇಷಂಟು’ ಎಂದಳು. ಕೆಲಸದಲ್ಲಿದ್ದಾಗ ದೊಡ್ಡ ಡಾಕ್ಟರಿಗೂ ಅವಳು ಹೇಳುತ್ತಿದ್ದುದು ಅದೇ ಮಾತು.

ನಾನು ಅವಳ ಕೈ ಹಿಡಿದುಕೊಂಡೇ ಎದ್ದು ಒಳಗೆ ಹೋದೆ. ಊಟದ ಮೇಜಿನ ಮೇಲೆ ಒಂದು ಚೊಂಬಿಗೆ ಒರಗಿಸಿ ಫೋನ್ ನಿಲ್ಲಿಸಿದ್ದಳು. ಚಾರ್ಜರಿನ ವೈರು ಹಾಕಿತ್ತು. ಪರದೆಯಲ್ಲಿ ಖಾಕಿ ತೊಟ್ಟ ಒಬ್ಬ. ಅವನ ಹಿಂದೆ ಬಾವುಟ, ಗೋಡೆಯ ಮೇಲೆ ಏನೋ ಲಾಂಛನ. ನೋಡಿದರೆ ಯಾರೂ ಹೌದೆನ್ನಬೇಕು. ಅವನು ನನ್ನನ್ನು ಕಂಡು, ‘ನೀವು ಯಾರು? ರಹಸ್ಯ ವಿಚಾರಣೆಗೆ ಅಡ್ಡಿ ಮಾಡಿದ್ದಕ್ಕೆ ನಿಮ್ಮನ್ನೂ ಆರೋಪಿ ಮಾಡಬೇಕಾಗುತ್ತದೆ’ ಎಂದ. ತಿದ್ದಿದ ಕನ್ನಡ. ಸುಳ್ಳು ಹೇಳಬಾರದು, ಎಲ್ಲ ಗೊತ್ತಿದ್ದೂ ನನ್ನ ಎದೆ ಒಂದು ಸಲ ಧಸಕ್ಕೆಂದಿತು. ನಿಜವಾಗಿದ್ದರೆ? ಎಂಬ ಒಂದು ಪ್ರಶ್ನೆ ಬಂದು ಹೋಯಿತು. ಅಕ್ಕನನ್ನು ಬೈದವರ ಮುಂದೆ ನಾನು ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಯಾರೂ ನಂಬುವುದಿಲ್ಲ.

ಫೋನಿಗೆ ಕೈ ಹಾಕಿದೆ. ಅಕ್ಕ ನನ್ನ ತೋಳನ್ನು ಉಗುರೂರುವಂತೆ ಹಿಡಿದಳು. ‘ಕಟ್ ಮಾಡ್ಬೇಡ ಕಣೆ! ಬಂದು ಎಳ್ಕೊಂಡ್ ಹೋಗ್ತಾರೆ. ಊರೋರ ಮುಂದೆ ಎಳ್ಕೊಂಡ್ ಹೋಗ್ತಾರೆ.’ ನಾನು ಕಟ್ ಮಾಡಿದೆ. ಮರುಕ್ಷಣವೇ ಅದು ಮತ್ತೆ ಹೊಡೆದುಕೊಂಡಿತು. ಸ್ವಿಚ್ ಆಫ್ ಮಾಡಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಅಕ್ಕ ನೆಲದ ಮೇಲೆ ಕುಸಿದು, ‘ನೀನೇ ನನ್ನ ಜೈಲಿಗೆ ಕಳಿಸ್ದೆ’ ಎಂದಳು. ಎಷ್ಟು ಹೇಳಿದರೂ ಅವಳಿಗೆ ಅದು ಮೋಸವೆಂದು ಒಪ್ಪಿಗೆಯಾಗಲಿಲ್ಲ. ತಂಗಿಯ ಮಾತಿಗಿಂತ ಆ ಖಾಕಿಯವನ ಮಾತೇ ಅವಳಿಗೆ ಹೆಚ್ಚಾಗಿತ್ತು.

ಕೊನೆಗೆ ನಾನು, ‘ಸರಿ, ನಡಿ. ದೇವನಹಳ್ಳಿ ಠಾಣೆಗೇ ಹೋಗಿ ಕೇಳೋಣ’ ಎಂದೆ. ಅವಳು ತಟ್ಟನೆ ಅಳು ನಿಲ್ಲಿಸಿದಳು. ಎದ್ದು ಮುಖ ತೊಳೆದಳು, ಒಳ್ಳೆಯ ಸೀರೆ ಉಟ್ಟಳು. ಬ್ಯಾಗಿನಲ್ಲಿ ಬಿಪಿ ಮಾತ್ರೆ, ಒಂದು ಟವೆಲು, ಸೋಪು, ಉಡುವುದಕ್ಕೆ ಇನ್ನೊಂದು ಸೀರೆ ತುಂಬಿಕೊಂಡಳು. ಎದುರುಮನೆಯಾಕೆಗೆ ಮನೆಯ ಬೀಗದ ಕೈ ಕೊಟ್ಟು, ‘ತುಳಸಿಗೆ ನೀರು ಹಾಕ್ತಿರು’ ಎಂದಳು. ಅವಳು ಕೇಳಲು ಹೊರಟಿರಲಿಲ್ಲ. ಶರಣಾಗಲು ಹೊರಟಿದ್ದಳು. ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ.

ಠಾಣೆಯಲ್ಲಿ ಒಬ್ಬ ಮಹಿಳಾ ಪೊಲೀಸ್ ಇದ್ದರು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಅಕ್ಕ ಅವರ ಮುಂದೆ ಕೈ ಕಟ್ಟಿ ನಿಂತು, ‘ನಾನೇ ಬಂದಿದೀನಮ್ಮ. ನನ್ ತಂಗಿದು ಏನೂ ತಪ್ಪಿಲ್ಲ, ಅವಳ್ನ ಬಿಟ್ಬಿಡಿ’ ಎಂದಳು. ಆ ಹುಡುಗಿ ನನ್ನ ಮುಖ ನೋಡಿದಳು, ಅಕ್ಕನ ಬ್ಯಾಗು ನೋಡಿದಳು. ಎದ್ದು ಬಂದು ಕುರ್ಚಿ ಎಳೆದು ಕೂರಿಸಿದಳು.

‘ಅಮ್ಮಾ, ಫೋನಲ್ಲಿ ಪೊಲೀಸ್ನೋರು ಬಂದಿದ್ರಾ? ಮನೆಯಿಂದ ಆಚೆ ಬರ್ಬೇಡಿ ಅಂದ್ರಾ?’

‘ಹೂಂ.’

‘ನಾವು ಯಾರೂ ವಿಡಿಯೋ ಕಾಲಲ್ಲಿ ಅರೆಸ್ಟ್ ಮಾಡಲ್ಲಮ್ಮ. ಅಂಥದೊಂದು ಕಾನೂನೇ ಇಲ್ಲ.’

‘ಹಂಗಾದ್ರೆ ನನ್ ಮೇಲೆ ಕೇಸಿಲ್ವಾ?’

‘ಇಲ್ಲಮ್ಮ.’

‘ಮಕ್ಳುದು?’

ಯಾವ ಮಕ್ಕಳು ಎಂದು ನನಗಾಗಲಿ, ಆ ಹುಡುಗಿಗಾಗಲಿ ಅರ್ಥವಾಗಲಿಲ್ಲ. ಆಗ ಅಕ್ಕ ತಡೆದು ತಡೆದು ಹೇಳಿದಳು. ಮೊದಲು ಒಂದು ಹೆಂಗಸಿನ ಕರೆ, ನಿಮ್ಮ ಆಧಾರ್ ಮೇಲೆ ಸಿಮ್ ತೆಗೆದಿದ್ದಾರೆ ಎಂದು. ಅಲ್ಲಿಂದ ಕರೆ ಈ ‘ಅಧಿಕಾರಿ’ಗೆ ಹೋಯಿತು. ಅವನು ಮಾತಾಡಿಸುತ್ತ ಆಡಿಸುತ್ತ ಅವಳು ಏನು ಕೆಲಸದಲ್ಲಿದ್ದಳು ಎಂದು ಅವಳ ಬಾಯಿಂದಲೇ ತಿಳಿದುಕೊಂಡ. ಆಮೇಲೆ ಹೇಳಿದ, ಹಸುಗೂಸುಗಳನ್ನು ಮಾರುವ ಒಂದು ಜಾಲ ಸಿಕ್ಕಿಬಿದ್ದಿದೆ, ಅವರ ಬಳಿ ಇರುವ ಜನನದ ಕಾಗದಗಳಲ್ಲಿ ನಿಮ್ಮ ಸಹಿ ಇದೆ ಎಂದು. ಅಕ್ಕ ಮೊದಲು ಅವನನ್ನು ಬೈದಳಂತೆ. ಅವನು ಸಿಟ್ಟಾಗಲಿಲ್ಲ. ‘ನೀವು ಮಾಡಿದ್ದೀರಿ ಅಂತ ನಾನು ಹೇಳ್ತಿಲ್ಲ ಮೇಡಂ, ಯಾರೋ ನಿಮ್ಮ ಕೈಲಿ ಸಹಿ ಹಾಕಿಸಿಕೊಂಡಿರಬಹುದು, ನೆನಪು ಮಾಡಿಕೊಳ್ಳಿ’ ಎಂದ. ಅಕ್ಕ ನೆನಪು ಮಾಡಿಕೊಳ್ಳಲು ಕುಳಿತಳು. ಅಲ್ಲಿಗೆ ಸಿಕ್ಕಿಬಿದ್ದಳು.

‘ಎಷ್ಟು ಮಕ್ಳು, ಎಷ್ಟು ಕಾಗ್ದ’ ಎಂದಳು ಅಕ್ಕ. ‘ಕರೆಂಟಿಲ್ದೆ ಇದ್ದಾಗ ಟಾರ್ಚ್ ಬೆಳಕಲ್ಲಿ ಹಾಕಿದೀನಿ ಸಹಿ. ಓದ್ದೆ ಹಾಕಿರೋದೂ ಉಂಟು. ಯಾವ ತಾಯಿ ಮಗೂನ ಯಾರು ಎತ್ಕೊಂಡ್ ಹೋದ್ರೋ ನಂಗೇನ್ ಗೊತ್ತು? ನನ್ ಕೈಯಿಂದ ಅಂಥದ್ದು ಆಗಿದ್ರೆ, ಅಂತ ಯೋಚ್ನೆ ಮಾಡಿ ಮಾಡಿ...’

ಆ ಹುಡುಗಿ ನೀರು ಕೊಟ್ಟಳು. ದುಡ್ಡೇನಾದರೂ ಕಳಿಸಿದ್ದೀರಾ ಎಂದು ಮೆಲ್ಲಗೆ ಕೇಳಿದಳು. ಕಳಿಸಿದ್ದಳು. ಬೆಳಿಗ್ಗೆ ದೇವನಹಳ್ಳಿಗೆ ಹೋಗಿದ್ದು ಅದಕ್ಕೇ. ನಿವೃತ್ತಿಯಲ್ಲಿ ಬಂದದ್ದನ್ನು ಠೇವಣಿ ಇಟ್ಟಿದ್ದಳು, ಅರ್ಧ ಮುರಿಸಿ ‘ಪರಿಶೀಲನೆ’ಗೆಂದು ಅವನು ಹೇಳಿದ ಖಾತೆಗೆ ಹಾಕಿದ್ದಳು. ಬ್ಯಾಂಕಿನಾಕೆ ಯಾಕಮ್ಮ ಇಷ್ಟೊಂದು ಎಂದು ಎರಡು ಸಲ ಕೇಳಿದ್ದರು. ಸೈಟು ತಗೋತಿದೀನಿ ಎನ್ನಿ ಎಂದು ಇವನು ಹೇಳಿಕೊಟ್ಟಿದ್ದ, ಇವಳು ಹಾಗೇ ಅಂದಿದ್ದಳು. ಉಳಿದರ್ಧಕ್ಕೆ ಮರುದಿನ ಹೋಗಬೇಕಿತ್ತು. ಪೊಲೀಸ್ ಹುಡುಗಿ ಆಗಲೇ ಸೈಬರ್ ಮೋಸದ ಸಹಾಯವಾಣಿಗೆ ಕರೆ ಮಾಡಿ ದೂರು ಕೊಡಿಸಿದಳು, ಬ್ಯಾಂಕಿಗೂ ಹೇಳಿಸಿದಳು. ಹೊತ್ತು ಕಳೆದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತದಂತೆ. ಮೊದಲು ದೂರು, ಅಳು ಆಮೇಲೆ ಎಂದಳು. ಒರಟು ಮಾತಾದರೂ ಅದು ಉಪಕಾರವಾಯಿತು. ಸ್ವಲ್ಪ ಭಾಗ ಎಲ್ಲೋ ಒಂದು ಖಾತೆಯಲ್ಲಿ ತಡೆಯಾಗಿ ನಿಂತಿತು. ಅದನ್ನು ಬಿಡಿಸಿಕೊಳ್ಳಲು ಬ್ಯಾಂಕು, ಠಾಣೆ, ಕೋರ್ಟು ಎಂದು ನಾವಿಬ್ಬರೂ ಅಲೆದ ಅಲೆದಾಟದ ಬಗ್ಗೆ ಬರೆಯುವ ಚೈತನ್ಯ ನನಗಿಲ್ಲ. ಬಂದದ್ದು ಬಂತು, ಹೋದದ್ದು ಹೋಯಿತು.

ಅಂದು ಅಕ್ಕನನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ಬಂದವಳು ಬಹಳ ಹೊತ್ತು ಸ್ನಾನ ಮಾಡಿದಳು. ಬ್ಯಾಂಕಿಗೆ ಹೋಗಿ ಬಂದದ್ದು ಬಿಟ್ಟರೆ ಕ್ಯಾಮೆರಾ ಮುಂದಿನಿಂದ ಏಳುವಂತಿರಲಿಲ್ಲವಂತೆ. ಬಚ್ಚಲಿಗೆ ಹೋಗಲೂ ಅವನ ಅಪ್ಪಣೆ ಬೇಕಿತ್ತು. ಮಲಗುವಾಗಲೂ ಫೋನು ತಲೆದಿಂಬಿನ ಪಕ್ಕದಲ್ಲಿ ಅವಳ ಕಡೆ ಮುಖ ಮಾಡಿಕೊಂಡಿತ್ತು. ಇದನ್ನೆಲ್ಲ ಅವಳು ಒಂದೇ ಸಲ ಹೇಳಲಿಲ್ಲ. ಹುರುಳಿಕಾಯಿ ಬಿಡಿಸುವಾಗ ಒಂದು ಮಾತು, ಬಟ್ಟೆ ಮಡಿಸುವಾಗ ಒಂದು ಮಾತು.

ಒಂದು ದಿನ ಹೇಳಿದಳು, ‘ಅವ್ನಿಗೆ ಕೆಮ್ಮಿತ್ತು ಕಣೆ.’

‘ಯಾರಿಗೆ?’

‘ಅವ್ನಿಗೇ. ಒಣಕೆಮ್ಮು. ಮಾತಾಡ್ತಾ ಮಾತಾಡ್ತಾ ಕೆಮ್ಮೋನು. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಪ್ಪ, ಎದೆ ಪರೀಕ್ಷೆ ಮಾಡಿಸ್ಕೊ ಅಂದೆ. ಆಯ್ತಮ್ಮ ಅಂದ. ನಿಮ್ಮದು ಊಟ ಆಯ್ತಾ ಅಂತ್ಲೂ ಕೇಳ್ತಿದ್ದ.’ ಮತ್ತೆ ಅವಳೇ, ‘ದುಡ್ಡು ಹೋಗಿದ್ದಕ್ಕಿಂತ ಅದು ನಂಗೆ ಜಾಸ್ತಿ ನಾಚ್ಕೆ ಆಗುತ್ತೆ’ ಎಂದಳು.



ನೆಂಟರಿಗೆ ಸುದ್ದಿ ಹೋಯಿತು. ನೋಡಲು ಬಂದವರು ಕಾಫಿ ಕುಡಿದು, ‘ಓದಿದೋಳು, ಸರ್ಕಾರಿ ಕೆಲ್ಸ ಮಾಡಿದೋಳು, ಇಷ್ಟೂ ಗೊತ್ತಾಗಲ್ವಾ?’ ಎಂದರು. ‘ನಾನಾಗಿದ್ರೆ ನಾಲ್ಕು ಬೈದು ಇಟ್ಬಿಡ್ತಿದ್ದೆ’ ಎಂದ ನಮ್ಮ ಚಿಕ್ಕಪ್ಪನ ಮಗ. ಅಕ್ಕ ಎಲ್ಲರಿಗೂ ಹೌದು ಹೌದು ಎಂದು ತಲೆಯಾಡಿಸಿದಳು. ಅವಳು ಎದುರಾಡದೆ ತಲೆಯಾಡಿಸಿದ್ದನ್ನು ನೋಡಿ ನನಗೆ ಬಂದ ಸಿಟ್ಟು ಆ ಮೋಸಗಾರನ ಮೇಲೂ ಬಂದಿರಲಿಲ್ಲ. ಅವನು ಅವಳ ದಡ್ಡತನ ಹುಡುಕಿಕೊಂಡು ಬರಲಿಲ್ಲ. ತನ್ನಿಂದ ಯಾರಿಗೂ ಕೇಡಾಗಬಾರದು ಎಂಬ ಅವಳ ಹೆದರಿಕೆಗೆ ಕೈ ಹಾಕಿದ. ಆ ಹೆದರಿಕೆ ಇಲ್ಲದವರು ಬೈದು ಇಟ್ಟುಬಿಡಬಹುದು.

ಒಂದು ತಿಂಗಳಿದ್ದು ಅಕ್ಕ ಆವತಿಗೆ ಮರಳಿದಳು. ಹೋಗುವ ಮೊದಲು ನಾನೂ ಅವಳೂ ಕುಳಿತು ಫೋನಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಗುರುತಿಲ್ಲದ ನಂಬರಿನ ಕರೆ ಸದ್ದು ಮಾಡದ ಹಾಗೆ ಇಟ್ಟೆವು. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಹಣ ಹೋಗದಂತೆ ಬ್ಯಾಂಕಿನಲ್ಲಿ ಬರೆದುಕೊಟ್ಟೆವು. ಯಾರು ಏನೇ ಹೆದರಿಸಲಿ, ಮೊದಲು ಇಟ್ಟುಬಿಡುವುದು, ಆಮೇಲೆ ನನಗೆ ಫೋನ್ ಮಾಡುವುದು, ಯಾರಿಗೂ ಹೇಳಬೇಡ ಎಂದವನು ಕಳ್ಳನೇ ಎಂದು ತಿಳಿಯುವುದು. ಅಕ್ಕ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು.

ಕಾಪಾಡಿಕೊಳ್ಳುವುದೇನೋ ಆಯಿತು. ಆದರೆ ಅವಳು ಯಾರ ಕರೆಯನ್ನೂ ಎತ್ತದಾದಳು. ಯಾವ ಹೊತ್ತಿನಲ್ಲಿ ಯಾರು ಕರೆದರೂ ಎದ್ದು ಹೋದವಳು ಅವಳು. ಅವಳು ಹೆರಿಗೆ ಮಾಡಿಸಿದ್ದ ಒಬ್ಬ ಹೆಣ್ಣುಮಗಳು ಈಗ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿದ್ದಾಳೆ. ತನ್ನ ಮಗಳಿಗೆ ನೋವು ಶುರುವಾದಾಗ ಭಯವಾಗಿ ಯಾರದೋ ಫೋನಿನಿಂದ ಅಕ್ಕನಿಗೆ ಮೇಲಿಂದ ಮೇಲೆ ಮಾಡಿದ್ದಳಂತೆ. ಮಗು, ಬಾಣಂತಿ ಎಲ್ಲ ಚೆನ್ನಾಗಿದ್ದಾರೆ. ಆಮೇಲೆ ಅವಳೇ ಮನೆಗೆ ಬಂದು, ‘ಯಾಕ್ ನರ್ಸಮ್ಮ, ನೀವೂ ಎತ್ಲಿಲ್ವಲ್ಲ?’ ಎಂದಳಂತೆ. ಅಕ್ಕ ಇದನ್ನು ನನಗೆ ಹೇಳಿ, ‘ಏನಂತ ಹೇಳ್ಲಿ ಅವ್ಳಿಗೆ?’ ಎಂದು ಕೇಳಿದಳು. ನೀವೂ ಎನ್ನುವ ಆ ಮಾತು ಅವಳಿಗೆ ಚುಚ್ಚಿತ್ತು.

ನಮ್ಮ ಶಾಲೆಗೆ ಬಂದು ತಾಯಂದಿರ ಸಭೆಯಲ್ಲಿ ಎರಡು ಮಾತಾಡು ಎಂದು ಕರೆದೆ. ಬರುವುದಿಲ್ಲ ಎಂದಳು. ಮತ್ತೆ ಕರೆಯಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ನಾನು ಆವತಿಯಲ್ಲಿದ್ದೆ. ಇಬ್ಬರೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆವು. ಎದುರುಮನೆಯಾಕೆಯ ಅತ್ತೆ ತಮ್ಮ ಬಾಗಿಲಲ್ಲಿ ನಿಂತು ಫೋನಿನಲ್ಲಿ, ‘ಹೂಂ ಸಾರ್... ಹೌದ್ ಸಾರ್... ನಂಬರು ಬಂದೈತೆ, ಹೇಳ್ತೀನಿ ಇರಿ ಸಾರ್’ ಎನ್ನುತ್ತಿದ್ದರು. ಅಕ್ಕನ ಕೈ ನಿಂತಿತು. ಮಡಿಲಿನ ಕಾಯೆಲ್ಲ ಚೆಲ್ಲಿ ಎದ್ದಳು. ಬೀದಿ ದಾಟಿ ಹೋಗಿ ಆ ಮುದುಕಿಯ ಕೈಯಿಂದ ಫೋನು ಕಿತ್ತುಕೊಂಡು, ‘ಯಾವನೋ ಅವ್ನು? ಇಡೋ ಫೋನ!’ ಎಂದು ಗದರಿ ಕಟ್ ಮಾಡಿದಳು. ಅದು ಅವಳ ಹಳೆಯ ದನಿ. ಬೀದಿಯ ಆ ತುದಿಯಲ್ಲಿ ನಿಂತವರೂ ತಿರುಗಿ ನೋಡಿದರು.

ವಿಚಾರಿಸಿದರೆ ಅವನು ಗ್ಯಾಸ್ ಸಿಲಿಂಡರಿನವನು. ಸಿಲಿಂಡರ್ ಇಳಿಸುವ ಮೊದಲು ಕೇಳುವ ನಂಬರನ್ನು ಕೇಳುತ್ತಿದ್ದ. ಗಾಡಿ ಮುಂದಿನ ಬೀದಿಯಲ್ಲೇ ನಿಂತಿತ್ತಂತೆ, ಬೈಸಿಕೊಂಡವನು ಸಿಲಿಂಡರ್ ಕೊಡದೆ ಹೊರಟುಹೋದ. ಎದುರುಮನೆಯಾಕೆ ತಲೆ ಮೇಲೆ ಕೈ ಹೊತ್ತು, ‘ಅಯ್ಯೋ ನರ್ಸಮ್ಮ, ನಾಳೆ ನಮ್ಮನೇಲಿ ಸೌದೆ ಒಲೆನೇ ಗತಿ’ ಎಂದು ನಕ್ಕಳು. ಅವಳ ಅತ್ತೆ ಮಾತ್ರ ನಗಲಿಲ್ಲ.

ಅಕ್ಕ ತಿರುಗಿ ಬಂದು ಚೆಲ್ಲಿದ ಕಾಯಿ ಆರಿಸತೊಡಗಿದಳು. ನಾನು ಅವಳ ಮುಖ ನೋಡುತ್ತಿದ್ದೆ.

‘ಏನ್ ನೋಡ್ತೀಯ? ಅವ್ನೇ ಸಿಲಿಂಡರಿನೋನು ಅಂತ ನಂಗೇನ್ ಕನಸು ಬಿದ್ದಿತ್ತಾ?’ ಎಂದಳು. ‘ನಮ್ದು ಇನ್ನೊಂದು ತುಂಬಿದ್ದು ಒಳಗೈತೆ. ಅದ್ನ ಕೊಟ್ಟು ಬಾ ಹೋಗು.’

ನಾನು ಎದ್ದೆ. ಸಿಲಿಂಡರ್ ಭಾರವಾಗಿತ್ತು. ಅದನ್ನು ಓರೆ ಮಾಡಿ ಉರುಳಿಸಿಕೊಂಡು ಬೀದಿ ದಾಟಿದೆ.